ಬಕಲ್ ಹುಡುಕುವ ಕೆಲಸ

ಹಾಸನದ ಹೊರವಲಯದಲ್ಲಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕ ನಮ್ಮ ಗ್ಯಾರೇಜಿದೆ. ಟಿಂಕರಿಂಗ್, ಪೇಂಟಿಂಗ್, ಆಕ್ಸಿಡೆಂಟ್ ಗಾಡಿಗಳ ರಿಪೇರಿ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಗಾಡಿ ಟೋ ಆಗಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಅದರಲ್ಲಿದ್ದವರು ಆಸ್ಪತ್ರೆಯಲ್ಲಿರುತ್ತಾರೆ. ಅವರ ಮುಖ ನಾನು ನೋಡಿರುವುದಿಲ್ಲ. ಆದರೂ ಯಾರು ಬೆಲ್ಟ್ ಹಾಕಿದ್ದರು, ಯಾರು ಹಾಕಿರಲಿಲ್ಲ ಎಂದು ಬಾಗಿಲು ತೆಗೆದ ಎರಡೇ ನಿಮಿಷದಲ್ಲಿ ಹೇಳಬಲ್ಲೆ.

1. ಗಾಡಿಯೇ ಸಾಕ್ಷಿ

ಜೋರಾಗಿ ಗುದ್ದಿದಾಗ ಬೆಲ್ಟ್ ಹಾಕಿದ್ದರೆ ಅದರ ಪಟ್ಟಿ ಹೆಗಲ ಮೇಲಿನ ಬಳೆಯ ಹತ್ತಿರ ಉಜ್ಜಿ ಮಿರುಗುತ್ತಿರುತ್ತದೆ. ಗುದ್ದಿದ ಕ್ಷಣ ಬೆಲ್ಟನ್ನು ಬಿಗಿಯುವ ಪ್ರಿಟೆನ್ಷನರ್ ಇರುವ ಗಾಡಿಯಾದರೆ ಪಟ್ಟಿ ಎಳೆದರೂ ಬರುವುದಿಲ್ಲ, ಬಿಟ್ಟರೂ ಒಳಗೆ ಹೋಗುವುದಿಲ್ಲ. ಹಾಕಿರದಿದ್ದರೆ ಪಟ್ಟಿ ಶೋರೂಮಿನಿಂದ ಬಂದ ಹಾಗೇ ಇರುತ್ತದೆ. ಮುಂದಿನ ಗಾಜು ಮಾತ್ರ ಒಳಗಿನಿಂದ ಹೊರಕ್ಕೆ ಬಟ್ಟಲಿನಂತೆ ಉಬ್ಬಿರುತ್ತದೆ.

ಚನ್ನರಾಯಪಟ್ಟಣದ ಕಡೆಯಿಂದ ಬಂದ ಒಂದು ಕಾರು ಮರೆಯುವುದಿಲ್ಲ. 2019ರ ಮಾಡೆಲ್, ಡ್ರೈವರ್‌ಗೆ ಮಾತ್ರ ಏರ್‌ಬ್ಯಾಗ್. ಬಲಗಡೆ ಬೆಲ್ಟ್ ಬಿಗಿದು ನಿಂತಿತ್ತು, ಸ್ಟೇರಿಂಗಿನಿಂದ ಏರ್‌ಬ್ಯಾಗ್ ಒದ್ದೆ ಟವೆಲಿನಂತೆ ಜೋತಿತ್ತು. ಎಡಗಡೆಯ ಗಾಜಿನಲ್ಲಿ ಬಟ್ಟಲು, ಬಿರುಕಿನಲ್ಲಿ ಸಿಕ್ಕ ನಾಲ್ಕು ಕೂದಲೆಳೆ. ಕಾರು ಓಡಿಸುತ್ತಿದ್ದವರು ಮಾರನೇ ದಿನವೇ ಕ್ಲೈಂ ಕಾಗದ ಹಿಡಿದು ಬಂದರು. ಪಕ್ಕದಲ್ಲಿದ್ದವರ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದುವುದೂ ಹತ್ತು ಮೀಟರ್ ಎತ್ತರದಿಂದ ಬೀಳುವುದೂ ಲೆಕ್ಕದಲ್ಲಿ ಒಂದೇ. ಮೂರಂತಸ್ತಿನ ತಾರಸಿಯ ಅಂಚಿಗೆ ಹೋಗಲು ಹೆದರುವವರು, 'ಇಲ್ಲೇ ಪೇಟೆವರೆಗೆ ತಾನೆ' ಎಂದು ಬೆಲ್ಟ್ ಹಾಕದೆ ಹೊರಡುತ್ತಾರೆ.

2. ಏರ್‌ಬ್ಯಾಗ್ ಅಂದರೆ ದಿಂಬಲ್ಲ, ಪಟಾಕಿ

ಇದನ್ನು ನಾನು ಕಲಿತದ್ದು ನಮ್ಮದೇ ತಪ್ಪಿನಿಂದ. ಏರ್‌ಬ್ಯಾಗ್ ಗಾಡಿಗಳು ನಮ್ಮ ಕಡೆ ಅಪರೂಪವಾಗಿದ್ದ ಕಾಲ. ಬ್ಯಾಟರಿ ಟರ್ಮಿನಲ್ ಬಿಚ್ಚಿದ ತಕ್ಷಣ ನಮ್ಮ ಹುಡುಗ ಸ್ಟೇರಿಂಗಿಗೆ ಕೈ ಹಾಕಿ ವೈರ್ ಕೆದಕಿದ. ಢಮ್ಮೆಂದಿತು. ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಹುಡುಗನ ಮೊಣಕೈವರೆಗೆ ಚರ್ಮ ಕೆಂಪಗೆ ತರಚಿತ್ತು, ಸಂಜೆವರೆಗೂ ಕಿವಿ ಗುಂಯ್ ಎನ್ನುತ್ತಿತ್ತಂತೆ. ಬ್ಯಾಟರಿ ಬಿಚ್ಚಿದರೂ ಏರ್‌ಬ್ಯಾಗ್ ಪೆಟ್ಟಿಗೆಯೊಳಗೆ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾಯಬೇಕು. ಆ ದಿನದಿಂದ ನಮ್ಮಲ್ಲಿ ಬ್ಯಾಟರಿ ಬಿಚ್ಚಿ, ಟೀ ಕುಡಿದು ಬಂದೇ ಸ್ಟೇರಿಂಗ್ ಮುಟ್ಟುವುದು.

ಗುದ್ದಿದ್ದು ಸೆನ್ಸರಿಗೆ ಗೊತ್ತಾದ ಮೇಲೆ ಚೀಲ ಉಬ್ಬಿ ನಿಲ್ಲಲು ಹಿಡಿಯುವುದು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹೊತ್ತು. ಕಣ್ಣು ರೆಪ್ಪೆ ಮುಚ್ಚುವುದಕ್ಕೂ ಅದಕ್ಕಿಂತ ಹೆಚ್ಚು ಬೇಕು. ಅಷ್ಟು ರಭಸದಲ್ಲಿ ಬರುವ ವಸ್ತುವಿಗೆ ಮುಖ ತಾಗಿಸಿಕೊಂಡು ಕೂರಬಾರದು. ಸ್ಟೇರಿಂಗಿನ ನಡುಭಾಗಕ್ಕೂ ಎದೆಗೂ ಕನಿಷ್ಠ 25 ಸೆಂ.ಮೀ. ಇರಲಿ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಎಂದುಕೊಳ್ಳಿ. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ. ಹಾರ್ನ್ ಮೇಲೆ ಮುಂಗೈ ಅಡ್ಡ ಇಟ್ಟು ಓಡಿಸುವವರ ಮಣಿಕಟ್ಟು ಅವರ ಮೂಗಿಗೇ ಬಡಿಯುತ್ತದೆ.

ಸ್ಟೇರಿಂಗ್ ಮೇಲೆ 'ಎಸ್‌ಆರ್‌ಎಸ್' ಎಂದಿರುತ್ತದಲ್ಲ, ಅದರ ಮೊದಲ ಎಸ್ ಅಂದರೆ ಸಪ್ಲಿಮೆಂಟಲ್. ಬೆಲ್ಟ್ ಊಟ, ಏರ್‌ಬ್ಯಾಗ್ ಉಪ್ಪಿನಕಾಯಿ. ಬೆಲ್ಟ್ ಇಲ್ಲದವನ ದೇಹ ಬ್ರೇಕ್ ಒತ್ತಿದಾಗಲೇ ಮುಂದೆ ಜಾರಿರುತ್ತದೆ, ಉಬ್ಬುತ್ತಿರುವ ಚೀಲವನ್ನು ಅದು ಅರ್ಧದಾರಿಯಲ್ಲೇ ಎದುರುಗೊಳ್ಳುತ್ತದೆ.

3. ಡಮ್ಮಿ ಕ್ಲಿಪ್

ಬೆಲ್ಟ್ ಹಾಕದಿದ್ದಾಗ ಬರುವ ಬೀಪ್ ಸದ್ದು ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಲೋಹದ ತುಂಡು. ದೇವರ ಚಿತ್ರ ಇರುವುದೂ ಉಂಟು! 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದನ್ನು ಮಾರಬಾರದೆಂದು ಐದು ಆನ್‌ಲೈನ್ ಕಂಪನಿಗಳಿಗೆ ಆದೇಶ ಕೊಟ್ಟಿತು. ನಮ್ಮ ಗ್ಯಾರೇಜಿಗೆ ಬಂದ ಗಾಡಿಯಲ್ಲಿ ಸಿಕ್ಕರೆ ಕಿತ್ತು ಸ್ಕ್ರ್ಯಾಪ್ ಡಬ್ಬಿಗೆ ಹಾಕುತ್ತೇನೆ. ಜಗಳ ಆಡಿದವರಿದ್ದಾರೆ. ಆಡಲಿ.

4. ಬೆಲ್ಟ್ ಮೂಳೆಯ ಮೇಲೆ ಕೂರಬೇಕು

ಮೂರು ಕಡೆ ಹಿಡಿಯುವ ಈ ಬೆಲ್ಟನ್ನು ವೋಲ್ವೊ ಎಂಜಿನಿಯರ್ ನಿಲ್ಸ್ ಬೊಹ್ಲಿನ್ 1959ರಲ್ಲಿ ರೂಪಿಸಿದರು. ಕಂಪನಿ ಆ ಪೇಟೆಂಟನ್ನು ಬೇರೆ ಕಾರು ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಉಪಾಯ ಸರಳ: ಏಟನ್ನು ಹೆಗಲಿನ ಮೂಳೆ, ಎದೆಗೂಡು, ಸೊಂಟದ ಮೂಳೆ ತಡೆದುಕೊಳ್ಳಬೇಕು. ಹೊಟ್ಟೆಯೊಳಗೆ ತಡೆಯುವಂಥದ್ದು ಏನೂ ಇಲ್ಲ.

ಮದುವೆ ಸೀಸನ್ನಿನಲ್ಲಿ ನೋಡಿ. ರೇಷ್ಮೆ ಸೀರೆಯ ಸೆರಗು ಮುದುರುತ್ತದೆಂದು ಮೇಲಿನ ಪಟ್ಟಿಯನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತಾರೆ. ಗುದ್ದಿದರೆ ಅದು ಪಕ್ಕೆಲುಬು ಮುರಿದು ಪಿತ್ತಜನಕಾಂಗ, ಗುಲ್ಮದವರೆಗೂ ಒತ್ತುತ್ತದೆ. ಗರ್ಭಿಣಿಯರು ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಕೆಳಗೆ ತೊಡೆಸಂದಿಗೆ ತಾಗಿಸಿ, ಮೇಲಿನದನ್ನು ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ತರಬೇಕು. ಇನ್ನೊಂದು, ಧರ್ಮಸ್ಥಳಕ್ಕೆ ರಾತ್ರಿ ಹೊರಟವರು ಸೀಟು ಪೂರಾ ಹಿಂದಕ್ಕೆ ಬಾಗಿಸಿ ಮಲಗುವುದು. ಮಲಗಿದವರು ಬೆಲ್ಟಿನಡಿ ನುಸುಳಿ ಜಾರುತ್ತಾರೆ, ಸೊಂಟದ ಪಟ್ಟಿ ಹೊಟ್ಟೆಗೇ ಬರುತ್ತದೆ.

5. ಮಡಿಲು ಮಗುವಿನ ಸೀಟಲ್ಲ

'ನಮ್ಮ ಕೈಲಿರೋ ಮಗೂನ ಬಿಡ್ತೀವಾ ಸ್ವಾಮಿ?' ಎಂದು ಒಬ್ಬ ಅಜ್ಜಿ ನನ್ನ ಮೇಲೆ ಸಿಟ್ಟಾಗಿದ್ದರು. ಬಿಡುವ ಮನಸ್ಸು ಯಾರಿಗೂ ಇರುವುದಿಲ್ಲ ಅಜ್ಜೀ, ಕೈಗೆ ಆ ಶಕ್ತಿ ಇರುವುದಿಲ್ಲ. 50 ಕಿ.ಮೀ. ವೇಗದಲ್ಲಿ ಗುದ್ದಿದ ಆ ಕ್ಷಣ ಹತ್ತು ಕಿಲೋ ಮಗು ಎರಡು ಮೂಟೆ ಸಿಮೆಂಟಿಗಿಂತ ಭಾರವಾಗಿ ಮುಂದಕ್ಕೆ ಎಳೆಯುತ್ತದೆ. ಮುಂದಿನ ಸೀಟಿನಲ್ಲಿ ಎತ್ತಿಕೊಂಡಿದ್ದರೆ ಏರ್‌ಬ್ಯಾಗಿಗೂ ದೊಡ್ಡವರಿಗೂ ನಡುವೆ ಸಿಕ್ಕುವುದು ಮಗುವೇ.

ಹಿಂದಕ್ಕೆ ಮುಖ ಮಾಡಿಸಿ ಕೂರಿಸುವ ಶಿಶುಸೀಟನ್ನು ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಕಟ್ಟಬೇಡಿ. ಹಿಂದಿನ ಸೀಟಿಗೆ ಕಟ್ಟಿ. ಮಗು ಅಳುತ್ತದೆ, ನಿಜ. ಮೂರು ನಾಲ್ಕು ಪ್ರಯಾಣ ಆದಮೇಲೆ ಒಗ್ಗಿಕೊಳ್ಳುತ್ತದೆ; ನನ್ನ ಮೊಮ್ಮಗ ಒಗ್ಗಿದ.

6. ಅಲಂಕಾರ

ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಏರ್‌ಬ್ಯಾಗ್ ಎಂದು ಬರೆದ ಮುಚ್ಚಳವಿರುತ್ತದೆ. ಸರಿಯಾಗಿ ಅದರ ಮೇಲೇ ಲೋಹದ ಗಣಪ, ಫೋನ್ ಸ್ಟ್ಯಾಂಡ್. ಮುಚ್ಚಳ ಸಿಡಿದರೆ ಮೊದಲು ಹಾರುವುದು ಗಣಪನೇ. ದೇವರನ್ನು ತೆಗೆಯಿರಿ ಎಂದರೆ ಯಾರೂ ಕೇಳುವುದಿಲ್ಲ. ನಾನೂ ತೆಗೆದಿಲ್ಲ, ಡ್ಯಾಶ್‌ಬೋರ್ಡಿನಿಂದ ಇಳಿಸಿ ಗೇರ್ ಹತ್ತಿರದ ತಗ್ಗಿನಲ್ಲಿ ಪುಟ್ಟ ಚಿತ್ರವಾಗಿ ಅಂಟಿಸಿಕೊಂಡಿದ್ದೇನೆ. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚುವವರಿಗೆ ನನ್ನ ಬಳಿ ಅಂಥ ಉಪಾಯವಿಲ್ಲ, ಇಳಿಸಿ ಅನ್ನುತ್ತೇನೆ ಅಷ್ಟೆ.

ಸೀಟಿನ ಪಕ್ಕದಿಂದ ಬರುವ ಸೈಡ್ ಏರ್‌ಬ್ಯಾಗ್ ಇದ್ದರೆ ದಪ್ಪ ಸೀಟ್ ಕವರ್ ಹೊಲಿಸಬೇಡಿ. ಅದಕ್ಕೆಂದೇ ಹೊಲಿಗೆ ಸಡಿಲ ಬಿಟ್ಟ ಕವರ್ ಕೇಳಿ. ಕಬ್ಬಿಣದ ಬಂಪರ್ ಗಾರ್ಡ್ ಹಾಕಿಸಿದರೆ ಏಟಿನ ಲೆಕ್ಕವೇ ತಪ್ಪಿ, ಏರ್‌ಬ್ಯಾಗ್ ಸೆನ್ಸರಿಗೆ ಸುದ್ದಿ ತಡವಾಗಿ ಮುಟ್ಟಬಹುದು. ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

7. 'ಏರ್‌ಬ್ಯಾಗ್ ಯಾಕೆ ಓಪನ್ ಆಗ್ಲಿಲ್ಲ?'

ಕ್ಲೈಂಗೆ ಬಂದವರ ಮೊದಲ ಪ್ರಶ್ನೆ, ಬಹಳ ಸಲ ಸಿಟ್ಟಿನಲ್ಲಿ. ಬಾನೆಟ್ ಎಷ್ಟು ನುಜ್ಜಾಗಿದೆ ಎನ್ನುವುದು ಸೆನ್ಸರಿಗೆ ಲೆಕ್ಕಕ್ಕಿಲ್ಲ. ಗಾಡಿ ಎಷ್ಟು ಹಠಾತ್ತನೆ ನಿಂತಿತು ಎನ್ನುವುದೇ ಲೆಕ್ಕ. ಹಿಂದಿನಿಂದ ಗುದ್ದಿಸಿಕೊಂಡರೆ ಮುಂದಿನ ಚೀಲ ತೆರೆಯುವ ಅಗತ್ಯವೇ ಇಲ್ಲ. ನಿಂತ ಲಾರಿಯ ಹಿಂಬದಿಯ ಅಡಿಗೆ ನುಗ್ಗಿದ ಗಾಡಿಗಳದ್ದು ಬೇರೆ ಕಥೆ. ಬಂಪರ್ ಏನಕ್ಕೂ ತಾಗಿರುವುದಿಲ್ಲ, ಮೇಲ್ಛಾವಣಿ ಮಾತ್ರ ಸಿಪ್ಪೆ ಸುಲಿದಂತೆ ಹಿಂದಕ್ಕೆ ಸರಿದಿರುತ್ತದೆ. ಅಲ್ಲಿ ಬೆಲ್ಟೂ ಏರ್‌ಬ್ಯಾಗೂ ಮಾಡುವುದು ಬಹಳ ಕಡಿಮೆ. ರಾತ್ರಿ ವೇಗ ಇಳಿಸುವುದೊಂದೇ ದಾರಿ.

8. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ

ಇಗ್ನಿಷನ್ ಆನ್ ಮಾಡಿ, ಮೀಟರ್ ನೋಡಿ. ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಹತ್ತಲೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು, ಯಾರೋ ದೀಪವನ್ನೇ ಕಿತ್ತಿರಬಹುದು. ಚೀಲದ ಜಾಗದಲ್ಲಿ ಬಟ್ಟೆ ತುರುಕಿ, ಒಂದು ಚಿಕ್ಕ ರೆಸಿಸ್ಟರ್ ಕೂರಿಸಿ ದೀಪವನ್ನು ಮೋಸಗೊಳಿಸಿದ ಗಾಡಿಯನ್ನೂ ಬಿಚ್ಚಿದ್ದೇನೆ. ಬೆಲ್ಟುಗಳನ್ನು ಪೂರಾ ಎಳೆದು ಬಿಡಿ, ಸರಕ್ಕನೆ ಒಳಹೋಗಬೇಕು. ಒಮ್ಮೆ ಜೋರಾಗಿ ಗುದ್ದಿದ ಗಾಡಿಯ ಬೆಲ್ಟನ್ನು ಚೆನ್ನಾಗಿ ಕಂಡರೂ ಬದಲಿಸಲೇಬೇಕು.

9. ಹಿಂದಿನ ಸೀಟು

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ಸೇತುವೆಗೆ ಗುದ್ದಿತು. ಮುಂದೆ ಕೂತಿದ್ದ ಇಬ್ಬರು ಬದುಕಿದರು, ಹಿಂದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ಹಿಂದಿದ್ದವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಆ ಒಂದು ತಿಂಗಳು ನಮ್ಮ ಗ್ಯಾರೇಜಿನಲ್ಲಿ ಜನ ಹಿಂದಿನ ಬೆಲ್ಟ್ ಬಗ್ಗೆ ಕೇಳಿದಷ್ಟು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ, ದಂಡ ಸಾವಿರ ರೂಪಾಯಿ. ಹಾಕದವರು ಮುಂದಿದ್ದವರ ಬೆನ್ನಿಗೇ ಬಂದು ಬೀಳುತ್ತಾರೆ, ಆ ಭಾರಕ್ಕೆ ಯಾವ ಏರ್‌ಬ್ಯಾಗೂ ಇಲ್ಲ.

ಹಾಕಲು ಮನಸ್ಸಿದ್ದರೂ ಬಕಲ್ ಸಿಗುವುದಿಲ್ಲ ಎನ್ನುವುದು ಇನ್ನೊಂದು ಕಷ್ಟ. ಕಳೆದ ವಾರ ಒಂದು ಟ್ಯಾಕ್ಸಿಯ ಹಿಂದಿನ ಸೀಟು ಎತ್ತಿದೆ. ಕವರ್ ಅಡಿ ಮೂರೂ ಬಕಲ್ ಹೂತಿದ್ದವು, ಜೊತೆಗೆ ಕಡಲೆಕಾಯಿ ಸಿಪ್ಪೆ, ಎರಡು ಹೇರ್‌ಪಿನ್, ಐದು ರೂಪಾಯಿ ನಾಣ್ಯ. ಗಾಡಿ ಸರ್ವೀಸಿಗೆ ಬಿಡುವಾಗ 'ಹಿಂದಿನ ಬಕಲ್ ಮೇಲೆತ್ತಿ ಕೊಡಿ' ಎಂದು ಒಂದು ಮಾತು ಹೇಳಿ. ಐದು ನಿಮಿಷದ ಕೆಲಸ. ನಾವು ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.