ಮರಗೆಲಸದ ಹವ್ಯಾಸಿಗಳಿಗೊಂದು ಪತ್ರಿಕೆ: ಮಲೆನಾಡಿನ ಮೂರು ತಾಲ್ಲೂಕುಗಳ ಲೆಕ್ಕಾಚಾರ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮರದ ಕೆಲಸ ಬಲ್ಲವರು ಎರಡು ಬಗೆಯವರಿದ್ದಾರೆ. ಸಾಗರ, ಸೊರಬ ಭಾಗದ ಗುಡಿಗಾರರು ಮತ್ತು ಊರೂರಿನ ಆಚಾರಿಗಳು ಕುಲಕಸುಬಾಗಿ ಉಳಿ ಹಿಡಿದವರು. ಇನ್ನೊಂದು ಬಗೆಯವರು ಅಡಿಕೆ ಬೆಳೆಗಾರರು, ನಿವೃತ್ತ ಅಧ್ಯಾಪಕರು, ಬ್ಯಾಂಕು ನೌಕರರು. ಕೊಟ್ಟಿಗೆಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಸ್ವಂತ ಸಂತೋಷಕ್ಕಾಗಿ ಮಣೆ, ಪೆಟ್ಟಿಗೆ, ಕುರ್ಚಿ ಮಾಡುವವರು. ಹಾರ್ಡ್‌ವೇರ್ ಅಂಗಡಿಯವರಿಗೆ ಮೊದಲನೆಯವರು ಹಳೆಯ ಗಿರಾಕಿಗಳಾದರೆ, ವಿದ್ಯುತ್ ಗರಗಸ, ರೂಟರ್, ಕ್ಲಾಂಪುಗಳನ್ನು ಕೇಳಿಕೊಂಡು ಬರುವ ಎರಡನೆಯವರು ಹೊಸ ಗಿರಾಕಿಗಳು. ಇವರಿಗಾಗಿ ಕನ್ನಡದಲ್ಲಿ ಒಂದು ಪತ್ರಿಕೆ ಹೊರಟರೆ ನಡೆದೀತೇ? ಅದಕ್ಕೆ ಹಣ ಹೂಡುವ ಅಥವಾ ಜಾಹೀರಾತು ನೀಡುವ ವರ್ತಕರು ಏನನ್ನು ತಿಳಿದಿರಬೇಕು? ಇವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಂದಾ ಹಣ ಎಲ್ಲಿಗೆ ಸಾಕು?

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. 48 ಪುಟಗಳ ಸಂಚಿಕೆಗೆ ಸಂಪಾದನೆ, ನಕ್ಷೆ, ಛಾಯಾಚಿತ್ರ, ಪುಟವಿನ್ಯಾಸ, ಪ್ಲೇಟುಗಳು ಸೇರಿ ಸ್ಥಿರ ವೆಚ್ಚ ರೂ. 60,000 ಎಂದಿರಲಿ. ಕಾಗದ, ಮುದ್ರಣ, ಅಂಚೆ ಸೇರಿ ಪ್ರತಿಯೊಂದಕ್ಕೆ ರೂ. 25. ಏಜೆಂಟರ ಕಮಿಷನ್ ಕಳೆದು ಕೈಗೆ ಬರುವುದು ಪ್ರತಿಗೆ ರೂ. 40. ಪ್ರತಿಯೊಂದರಿಂದ ಉಳಿಯುವುದು ರೂ. 15; ಅಂದರೆ ನಷ್ಟವಿಲ್ಲದೆ ನಡೆಯಲು 4,000 ಪ್ರತಿಗಳು ಮಾರಾಟವಾಗಬೇಕು. 2011ರ ಜನಗಣತಿಯಂತೆ ಮೂರೂ ತಾಲ್ಲೂಕುಗಳ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ಮನೆಯೊಂದಕ್ಕೆ ನಾಲ್ಕು ಜನರೆಂದು ಹಿಡಿದರೆ 28 ಮನೆಗಳಲ್ಲಿ ಒಂದು ಮನೆ ಈ ಪತ್ರಿಕೆಯನ್ನು ಕೊಳ್ಳಬೇಕಾಗುತ್ತದೆ. ದಿನಪತ್ರಿಕೆಯನ್ನೇ ನೆರೆಮನೆಯಿಂದ ತರಿಸಿ ಓದುವ ಊರುಗಳಲ್ಲಿ ಇದು ಆಗುವ ಮಾತಲ್ಲ.

ಸಾವಿರ ಪ್ರತಿಗಳಷ್ಟೇ ಹೋದರೆ ಸಂಚಿಕೆಯೊಂದಕ್ಕೆ ರೂ. 45,000 ಕೊರತೆ. ಪೂರ್ಣ ಪುಟದ ಜಾಹೀರಾತಿಗೆ ರೂ. 5,000 ದರವಿಟ್ಟರೆ ಪ್ರತಿ ಸಂಚಿಕೆಗೂ ಒಂಬತ್ತು ಪುಟ ಬೇಕು. ದೊಡ್ಡ ಉಪಕರಣ ಕಂಪನಿಗಳ ಜಾಹೀರಾತಿನ ತೀರ್ಮಾನವಾಗುವುದು ಮಹಾನಗರಗಳಲ್ಲಿ. ಸಾವಿರ ಪ್ರತಿಗಳ ಕನ್ನಡ ಪತ್ರಿಕೆ ಅವರ ಕಣ್ಣಿಗೆ ಬೀಳುವುದು ಕಷ್ಟ. ಉಳಿಯುವವರು ಸ್ಥಳೀಯ ಅಂಗಡಿಕಾರರು ಮತ್ತು ಸಾಮಿಲ್ಲಿನವರು. ಅವರು ಜಾಹೀರಾತು ಕೊಡುತ್ತಾರೆ, ನಿಜ. ಆದರೆ ಬಿಲ್ಲಿನ ಹಣ ಬರುವ ಹೊತ್ತಿಗೆ ಮತ್ತೆರಡು ಸಂಚಿಕೆಗಳು ಅಚ್ಚಾಗಿರುತ್ತವೆ. ನಮ್ಮ ನಮ್ಮ ವ್ಯಾಪಾರದ ರೂಢಿ ನಮಗೆ ತಿಳಿಯದ್ದೇನಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಹವ್ಯಾಸಿ ಓದುಗನು ಮೊದಲು ಹುಡುಕುವುದು ಯಾವ ಉಪಕರಣ ಕೊಳ್ಳಬಹುದು ಎಂಬ ಸಲಹೆಯನ್ನು. ಜಾಹೀರಾತು ಕೊಟ್ಟವರ ಸರಕನ್ನೇ ಹೊಗಳಿದರೆ ಆರು ತಿಂಗಳಲ್ಲಿ ಪತ್ರಿಕೆಯ ಮಾತಿಗೆ ಬೆಲೆ ಉಳಿಯದು. ತೆಗಳಿದರೆ ಜಾಹೀರಾತು ಉಳಿಯದು. ಅಮೆರಿಕದ ಮೇನ್ ರಾಜ್ಯದಿಂದ 2016ರಲ್ಲಿ ಆರಂಭವಾದ ‘ಮಾರ್ಟಿಸ್ ಅಂಡ್ ಟೆನನ್’ ಎಂಬ ಮರಗೆಲಸದ ಪತ್ರಿಕೆ ಜಾಹೀರಾತನ್ನೇ ಬಿಟ್ಟು ಓದುಗರ ಹಣದಿಂದಲೇ ನಡೆಯುವ ದಾರಿ ಹಿಡಿಯಿತು. ಅದಕ್ಕೆ ಇಂಗ್ಲಿಷ್ ಬಲ್ಲ ಜಗತ್ತೆಲ್ಲ ಮಾರುಕಟ್ಟೆ. ಅಂಥ ಮಾರುಕಟ್ಟೆಯಿದ್ದೂ, ‘ಪಾಪ್ಯುಲರ್ ವುಡ್‌ವರ್ಕಿಂಗ್’ ಸೇರಿ ಹಲವು ಹವ್ಯಾಸಿ ಪತ್ರಿಕೆಗಳನ್ನು ನಡೆಸುತ್ತಿದ್ದ ಎಫ್ ಪ್ಲಸ್ ಡಬ್ಲ್ಯು ಸಂಸ್ಥೆ 2019ರಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತೆಂಬುದನ್ನೂ ಹೂಡಿಕೆದಾರರು ಮರೆಯಬಾರದು.

ಬರೆಯುವವರು ಯಾರು?

ಹಣಕ್ಕಿಂತಲೂ ದೊಡ್ಡ ಕೊರತೆ ಲೇಖನಗಳದ್ದು ಎಂಬುದು ನಮ್ಮ ಅಭಿಪ್ರಾಯ. ಕೆಲಸ ಬಲ್ಲ ಆಚಾರಿ ಬರೆಯುವುದಿಲ್ಲ. ಬರೆಯಬಲ್ಲವನಿಗೆ ಕೆಲಸ ತಿಳಿಯದು. ಕನ್ನಡದಲ್ಲಿ ಈ ತೊಡಕನ್ನು ಬಿಡಿಸಿದ ಉದಾಹರಣೆ ಪುತ್ತೂರಿನದು. 1988ರಲ್ಲಿ ಅಲ್ಲಿ ಆರಂಭವಾಗಿ, ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಬೆಳೆದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು, ಅವರಿಗೆ ಬರವಣಿಗೆಯ ತರಬೇತಿ ನೀಡಿತು. 1975ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಪಾಲ್ ರೋಮನ್ ಆರಂಭಿಸಿದ ‘ಫೈನ್ ವುಡ್‌ವರ್ಕಿಂಗ್’ ಕೂಡ ಕುಶಲಕರ್ಮಿಗಳಿಂದಲೇ ಬರೆಸುವ ಹಾದಿ ಹಿಡಿದು, ತ್ರೈಮಾಸಿಕವಾಗಿ ಹೊರಟಿತು. ನಮ್ಮಲ್ಲಿಯೂ ಸಂಪಾದಕನು ಆಚಾರಿಯ ಪಕ್ಕದಲ್ಲಿ ಕುಳಿತು, ಕೇಳಿ, ಬರೆದುಕೊಂಡು, ಓದಿ ಹೇಳಿ ತಿದ್ದಿಕೊಳ್ಳಬೇಕಾಗುತ್ತದೆ. ಒಂದು ಲೇಖನಕ್ಕೆ ಒಂದು ವಾರ ಹಿಡಿದರೆ ಆಶ್ಚರ್ಯವಿಲ್ಲ.

ಇಂಗ್ಲಿಷ್ ಲೇಖನಗಳನ್ನು ಅನುವಾದಿಸಿದರಾಗದೇ ಎಂಬ ಪ್ರಶ್ನೆ ಸಹಜ. ಇಲ್ಲಿ ನಮ್ಮ ಮಳೆ ಅಡ್ಡ ಬರುತ್ತದೆ. ಚಳಿಗಾಲದಲ್ಲಿ ಒಳಗೆ ಬಿಸಿ ಮಾಡುವ ಅಮೆರಿಕದ ಮನೆಗಳಲ್ಲಿ ಮರದ ತೇವಾಂಶ ಶೇ. 6ರಿಂದ 8ರಷ್ಟಿರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳು. ಗಾಳಿಯ ಆರ್ದ್ರತೆ ಶೇ. 90ರಲ್ಲೇ ನಿಂತರೆ ಮರದ ತೇವಾಂಶ ಕ್ರಮೇಣ ಶೇ. 20ರ ಹತ್ತಿರಕ್ಕೆ ಏರುತ್ತದೆ, ಆರ್ದ್ರತೆ ಶೇ. 50 ಇರುವಾಗ ಅದು ಶೇ. 9ರ ಆಸುಪಾಸು. ಬೇಸಗೆಗೂ ಮಳೆಗಾಲಕ್ಕೂ ನಡುವೆ ತೇವಾಂಶ ಶೇ. 8ರಷ್ಟು ವ್ಯತ್ಯಾಸವಾದರೆ, ದಿಮ್ಮಿಯನ್ನು ಅಡ್ಡಡ್ಡ ಸೀಳಿ ತೆಗೆದ 12 ಅಂಗುಲ ಅಗಲದ ಹಲಗೆ ಹಲವು ಜಾತಿಯ ಮರಗಳಲ್ಲಿ ಸುಮಾರು ಕಾಲು ಅಂಗುಲ ಹಿಗ್ಗುತ್ತದೆ. ಫೆಬ್ರವರಿಯಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರು ಜುಲೈಯಲ್ಲಿ ಹೊರಬರುವುದಿಲ್ಲ. ಹೊರದೇಶದ ಅಳತೆಯನ್ನು ಹಾಗೆಯೇ ಅಚ್ಚು ಹಾಕಿದರೆ ಓದುಗನ ಮರವೂ ಹಾಳು, ಪತ್ರಿಕೆಯ ಹೆಸರೂ ಹಾಳು. ಆದ್ದರಿಂದ ಪ್ರತಿ ಮಾದರಿಯನ್ನೂ ಇಲ್ಲಿಯೇ ಮಾಡಿ, ಒಂದು ಮಳೆಗಾಲ ಇಟ್ಟು ನೋಡಿ, ಬಳಿಕ ಪ್ರಕಟಿಸುವುದು ಕ್ಷೇಮ. ಇದು ವೆಚ್ಚವೇ ಸರಿ. ಆದರೆ ಬೇರಾರೂ ಕೊಡಲಾಗದ ಸರಕೂ ಇದೇ.

ಪದಗಳದ್ದೂ ಒಂದು ಸಮಸ್ಯೆ. ನಿಘಂಟಿನ ‘ಉಜ್ಜುಗೊರಡು’ ಆಚಾರಿಗೆ ‘ಹತ್ತರಿ’, ಅಂಗಡಿಯ ಬಿಲ್ಲಿನಲ್ಲಿ ‘ಪ್ಲೇನರ್’. ಕೆಲಸಗಾರರ ಪದವನ್ನೇ ಬಳಸಿ, ಪಕ್ಕದಲ್ಲಿ ಚಿತ್ರ ಕೊಡುವುದು ಲೇಸು.

ನಾಟಾದ ವಿಷಯದಲ್ಲಂತೂ ಸಂಪಾದಕನು ಮೈಯೆಲ್ಲ ಕಣ್ಣಾಗಿರಬೇಕು. ಶ್ರೀಗಂಧದ ಮರ 2001ರ ತಿದ್ದುಪಡಿಯಿಂದ ಜಮೀನಿನ ಮಾಲೀಕನದೇ ಆಗಿದ್ದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆಯ ಮೇಲೂ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ‘ಬೀಟೆಯ ತುಂಡಿನಿಂದ ಪೆಟ್ಟಿಗೆ’ ಎಂಬ ಲೇಖನ ಓದಿ ತುಂಡು ಹುಡುಕ ಹೊರಟ ಹವ್ಯಾಸಿ ಕಾನೂನಿನ ತೊಡಕಿಗೆ ಸಿಕ್ಕಿಕೊಂಡರೆ ಪತ್ರಿಕೆಗೆ ಒಳ್ಳೆಯ ಹೆಸರು ಬಾರದು. ಸಿಲ್ವರ್ ಓಕ್, ಅಕೇಶಿಯ, ಅಡಿಕೆ ದಬ್ಬೆ ಮತ್ತು ಹಳೆಯ ಮನೆ ಬಿಚ್ಚಿದಾಗ ರಶೀದಿಯೊಂದಿಗೆ ಸಿಗುವ ತೊಲೆಗಳನ್ನು ಆಧರಿಸಿ ಮಾದರಿಗಳನ್ನು ರೂಪಿಸಬೇಕು. ಇದರಿಂದ ಪರವಾನಗಿ ಪಡೆದ ಸಾಮಿಲ್ಲುಗಳಿಗೂ ವ್ಯಾಪಾರ.

ನೋಂದಣಿ, ಅಂಚೆ, ತೆರಿಗೆ

1867ರ ಹಳೆಯ ಕಾಯಿದೆಯ ಬದಲಿಗೆ 2023ರ ನೋಂದಣಿ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಅರ್ಜಿ ಆನ್‌ಲೈನ್ ಮೂಲಕವೇ. ತಾಂತ್ರಿಕ ಪತ್ರಿಕೆಗಳನ್ನು ಈ ಕಾಯಿದೆ ಹೊರಗಿಟ್ಟಿರುವುದರಿಂದ ನಮ್ಮ ಪತ್ರಿಕೆ ಯಾವ ವರ್ಗಕ್ಕೆ ಸೇರುತ್ತದೆಂದು ಮೊದಲೇ ಕೇಳಿ ತಿಳಿಯುವುದು ಉತ್ತಮ. 1898ರ ಅಂಚೆ ಕಾಯಿದೆಯಲ್ಲಿ ಪತ್ರಿಕಾ ರಿಯಾಯಿತಿಗೆ 31 ದಿನಗಳೊಳಗೆ ಒಂದು ಸಂಚಿಕೆ ಬರಬೇಕೆಂಬ ಷರತ್ತಿತ್ತು. 2024ರಿಂದ ಹೊಸ ಕಾಯಿದೆ ಜಾರಿಯಲ್ಲಿರುವುದರಿಂದ ಈಗಿನ ನಿಯಮವನ್ನು ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಬೇಕು. ಪತ್ರಿಕೆಯ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಆದುದರಿಂದ ಮಾರಾಟದ ಪಾಲಿಗೆ ಸೇರುವ ಕಾಗದದ ತೆರಿಗೆಗೆ ಜಮೆಯೂ ಸಿಗದು.

ನಡೆಯಬಹುದಾದ ರೂಪ

ಮಾಸಪತ್ರಿಕೆಯ ಆಸೆ ಬಿಟ್ಟು ತ್ರೈಮಾಸಿಕ ಮಾಡುವುದು ಸೂಕ್ತ. ಮೇಲಿನ ಲೆಕ್ಕದಂತೆಯೇ ಸಾವಿರ ಪ್ರತಿಗಳಿಗೆ ವರ್ಷದ ಕೊರತೆ ಆಗ ರೂ. 5,40,000ರಿಂದ ರೂ. 1,80,000ಕ್ಕೆ ಇಳಿಯುತ್ತದೆ. ಸುದ್ದಿ ಹಳಸುತ್ತದೆ, ಕುರ್ಚಿಯ ಜೋಡಣೆ ಹಳಸುವುದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1957ರಲ್ಲಿ ಆರಂಭಿಸಿದ ಅಕ್ಷರ ಪ್ರಕಾಶನ ಹಳ್ಳಿಯಿಂದಲೇ ಪುಸ್ತಕೋದ್ಯಮ ನಡೆಸಬಹುದೆಂದು ತೋರಿಸಿದೆ; ಪುಸ್ತಕ ವರ್ಷಗಟ್ಟಲೆ ಮಾರಾಟವಾಗುವ ಸರಕು. ಅಂತೆಯೇ ಪ್ರತಿ ಸಂಚಿಕೆಯ 300 ಪ್ರತಿಗಳನ್ನು ಹೆಚ್ಚಾಗಿ ಅಚ್ಚು ಹಾಕಿಸಿ, ವರ್ಷಾಂತ್ಯದಲ್ಲಿ ಬೈಂಡು ಮಾಡಿಸಿ, ಸಂಪುಟಕ್ಕೆ ನಿವ್ವಳ ರೂ. 200 ಬರುವಂತೆ ಮಾರಿದರೆ ಮುದ್ರಣ, ಬೈಂಡಿಂಗ್ ಕಳೆದು ರೂ. 27,000 ಉಳಿದೀತು. ಉಳಿದ ಸುಮಾರು ಒಂದೂವರೆ ಲಕ್ಷವನ್ನು ಮೂರು ತಾಲ್ಲೂಕುಗಳ 30 ವರ್ತಕರು ತಲಾ ರೂ. 5,000ದಂತೆ ವರ್ಷಾರಂಭದಲ್ಲೇ ಭರಿಸಬಹುದು. ಅವರ ಹೆಸರುಗಳು ಒಂದೇ ಪುಟದಲ್ಲಿ, ಒಂದೇ ಅಳತೆಯಲ್ಲಿ ಬರಲಿ. ಉಪಕರಣ ವಿಮರ್ಶೆಯ ಪುಟಕ್ಕೂ ಅದಕ್ಕೂ ಸಂಬಂಧ ಬೇಡ. ಚಂದಾ ಸಂಗ್ರಹವನ್ನು ಅಡಿಕೆ ಮಾರಾಟದ ತಿಂಗಳುಗಳಲ್ಲಿಯೇ ಮುಗಿಸಬೇಕು. ಮೊದಲ ಸಂಚಿಕೆ ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಹೊರಬರಲಿ. ಅಂಗಡಿಗಳಿಗೆ ಕೊಡುವ ಪ್ರತಿಗಳನ್ನು ಹಿಂದಕ್ಕೆ ಪಡೆಯಲಾಗದೆಂದು ರಶೀದಿಯಲ್ಲಿಯೇ ನಮೂದಿಸತಕ್ಕದ್ದು.