ಹಳೆಯ ಕಬ್ಬಿಣದ ಸೌದೆಯೊಲೆಯನ್ನು ಮನೆಯಲ್ಲಿ ಹೂಡುವ ಕ್ರಮ

ಹೊಗೆಕೊಳವೆಯ ಒಲೆಯು ನಮ್ಮ ಗ್ರಾಮಗಳಿಗೆ ಹೊಸದಲ್ಲ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಮಣ್ಣಿನ ‘ಅಸ್ತ್ರ’ ಒಲೆಯನ್ನು ಅನೇಕರು ಬಲ್ಲರು. ಆದರೆ ಒಬ್ಬರು ಬಳಸಿಬಿಟ್ಟ ಎರಕದ ಕಬ್ಬಿಣದ ಒಲೆಯನ್ನು ಕ್ರಯಕ್ಕೆ ತಂದು ಮಲೆನಾಡಿನ ಹೆಂಚಿನ ಮನೆಯಲ್ಲಿ ಹೂಡುವವರು ಹೆಚ್ಚು ಎಚ್ಚರದಿಂದಿರತಕ್ಕದ್ದು. ಅಲ್ಲಿ ತೊಲೆ, ಅಟ್ಟ, ರೀಪುಗಳೆಲ್ಲವೂ ಮರವಷ್ಟೆ.

ಹಣ ಕೊಡುವ ಮೊದಲು, ಕತ್ತಲೆಯ ಕೋಣೆಯಲ್ಲಿ ಒಲೆಯೊಳಗೆ ದೀಪವನ್ನಿಟ್ಟು ಬಾಗಿಲು ಮುಚ್ಚಿ ನೋಡಬೇಕು. ಮೈಯಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ಬಿರುಕುಂಟು. ತಗಡಿನ ಹಳೆಯ ಕೊಳವೆಯನ್ನು ನಂಬದೆ ಹೊಸದನ್ನೇ ಕೊಳ್ಳುವುದು ಲೇಸು.

ಒಲೆಯನ್ನು ಕಲ್ಲುಚಪ್ಪಡಿಯ ಮೇಲೆ, ಮರದಿಂದ 3 ಅಡಿ ದೂರದಲ್ಲಿ ನಿಲ್ಲಿಸಬೇಕು. ಕೊಳವೆಗೂ ಮರಕ್ಕೂ 18 ಅಂಗುಲ ಅಂತರವಿರಬೇಕು. ಅಪಾಯವು ಹೆಚ್ಚಾಗಿರುವುದು ಕೊಳವೆಯು ಮಾಡನ್ನು ದಾಟುವ ಎಡೆಯಲ್ಲಿ. ನಿತ್ಯ ಕಾದ ಮರವು ಕಾಲಕ್ರಮದಲ್ಲಿ ಇದ್ದಿಲಿನಂತಾಗಿ, ಮೊದಲಿಗಿಂತ ಕಡಮೆ ಕಾವಿಗೇ ಹೊತ್ತಿಕೊಳ್ಳುವುದು. ಆದುದರಿಂದ ‘ಹತ್ತು ವರ್ಷ ಏನೂ ಆಗಲಿಲ್ಲ’ವೆಂಬ ಮಾರುವವನ ಮಾತು ಸಾಕ್ಷಿಯಲ್ಲ. ಹೊರಗೋಡೆಗೆ ಒತ್ತಿ ಸುಟ್ಟ ಇಟ್ಟಿಗೆಯ ಹೊಗೆಗೂಡನ್ನು ಕಟ್ಟಿಸಿ, ಕಲ್ಲುಗೋಡೆಯ ಮೂಲಕ ಕೊಳವೆಯನ್ನು ಅದಕ್ಕೆ ಸೇರಿಸುವುದು ಉತ್ತಮ. ಸೂರಿನ ಮರವು ಅದಕ್ಕೆ ತಾಗಕೂಡದು. ಗೂಡಿನ ತುದಿಯು ಮಾಡಿಗಿಂತ 3 ಅಡಿಯಾದರೂ ಎತ್ತರವಿರಲಿ. 10 ಅಡಿಯೊಳಗೆ ಮಾಡಿನ ಬೇರೆ ಭಾಗವಿದ್ದರೆ ಅದಕ್ಕಿಂತಲೂ 2 ಅಡಿ ಮೇಲಿರಲಿ.

ಮಳೆಗಾಲದ ಹಸಿ ಸೌದೆಯಿಂದ ಕೊಳವೆಯೊಳಗೆ ಡಾಂಬರಿನಂಥ ಕಿಟ್ಟ ಕಟ್ಟುವುದು. ಕಿಟ್ಟಕ್ಕೆ ಕಿಡಿ ತಗುಲಿದರೆ ಕೊಳವೆಯೇ ಉರಿಯುವುದು. ಕಾಲು ಅಂಗುಲ ದಪ್ಪವಾಗುವ ಮೊದಲೇ ಅದನ್ನು ಕೆರೆದು ತೆಗೆಯಿಸಬೇಕು. ರಾತ್ರಿ ಕೆಂಡವಿರುವಾಗ ಕೊಳವೆಯ ತಡೆತಟ್ಟೆಯನ್ನು ಪೂರ್ತಿಯಾಗಿ ಮುಚ್ಚಕೂಡದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗದು.