ಹಳೇ ಪುಸ್ತಕದ ಬೇಟೆ: ನಂದಿಗುಡಿಯಿಂದ ಅವೆನ್ಯೂ ರಸ್ತೆಗೆ

ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಅದೇ ತಾಲ್ಲೂಕಿನ ನಂದಿಗುಡಿಯ ಹುಡುಗಿಯೊಬ್ಬಳಿಗೆ ಅವರ ಕಾದಂಬರಿಯ ಮೊದಲ ಮುದ್ರಣ ಬೇಕೆನಿಸಿದರೆ ಹೊಸ ಪುಸ್ತಕದ ಅಂಗಡಿಯಲ್ಲಿ ಕೇಳಿ ಫಲವಿಲ್ಲ. ಕನ್ನಡದಲ್ಲಿ ಒಮ್ಮೆ ಅಚ್ಚಾಗಿ, ಪ್ರತಿ ಮುಗಿದು, ಮತ್ತೆ ಅಚ್ಚಿನ ಮನೆ ಕಾಣದ ಪುಸ್ತಕಗಳು ಬಹಳ. ಯಾರದೋ ಮನೆಯ ಅಟ್ಟದಿಂದ ರದ್ದಿಗೆ, ರದ್ದಿಯಿಂದ ರಸ್ತೆ ಬದಿಯ ಟಾರ್ಪಾಲಿಗೆ ಇಳಿದಾಗಲೇ ಅವು ಕೈಗೆ ಸಿಗುವುದು. ಹೊಸದಾಗಿ ಹುಡುಕಲು ಹೊರಟವರಿಗಾಗಿ ಈ ಹಂತಗಳು.

ಹಂತ 1: ಪಟ್ಟಿ

ಬೇಕಾದ ಪುಸ್ತಕಗಳ ಪಟ್ಟಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸಂಪುಟಗಳಾಗಿ ಬಂದವುಗಳಿಗೆ ಎಷ್ಟು ಸಂಪುಟ ಎಂಬುದೂ ಪಕ್ಕದಲ್ಲಿರಲಿ: ಶಿವರಾಮ ಕಾರಂತರ ‘ಬಾಲ ಪ್ರಪಂಚ’ 3, ‘ವಿಜ್ಞಾನ ಪ್ರಪಂಚ’ 4, ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ 7, ‘ವಿಶ್ವಕಥಾಕೋಶ’ 25. ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದೇ ಕಥೆಯ ಮೂರು ಭಾಗ. ನಡುವಿನದು ಮೊದಲು ಸಿಕ್ಕಿದರೂ ಬಿಡಬೇಡಿ. ಪಟ್ಟಿ ಹತ್ತು ಹನ್ನೆರಡು ಹೆಸರಿಗೆ ನಿಲ್ಲಲಿ. ಉದ್ದವಾದಷ್ಟೂ ಕಣ್ಣು ಚದುರುತ್ತದೆ.

ಹಂತ 2: ಮೊದಲು ನಮ್ಮೂರ ರದ್ದಿ ಅಂಗಡಿ

ಬೆಂಗಳೂರಿಗೆ ಓಡುವ ಮುಂಚೆ ಹರಿಹರ, ದಾವಣಗೆರೆಯ ರದ್ದಿ ಅಂಗಡಿಗಳನ್ನು ಸುತ್ತಿ. ಮನೆ ಖಾಲಿ ಮಾಡುವವರು, ನಿವೃತ್ತ ಮೇಷ್ಟ್ರ ಮಕ್ಕಳು ಪುಸ್ತಕವನ್ನು ಕಿಲೋ ಲೆಕ್ಕದಲ್ಲಿ ಹಾಕುವುದು ಅಲ್ಲಿಯೇ. ‘ಅಣ್ಣಾ, ಕನ್ನಡ ಕಥೆ ಪುಸ್ತಕ ಬಂದ್ರೆ ತೆಗೆದಿಡ್ರಿ, ವಾರಕ್ಕೊಮ್ಮೆ ಬರ್ತೀನಿ’ ಎಂದು ಹೇಳಿ, ಹೇಳಿದಂತೆ ಹೋಗಿ. ಹೋಗದಿದ್ದರೆ ಅವರು ತೆಗೆದಿಡುವುದನ್ನು ನಿಲ್ಲಿಸುತ್ತಾರೆ.

ಹಂತ 3: ಭಾನುವಾರದ ರಸ್ತೆ

ಹರಿಹರವೂ ದಾವಣಗೆರೆಯೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲೇ ಇವೆ. ಶನಿವಾರ ರಾತ್ರಿ ಹೊರಟರೆ ಭಾನುವಾರ ಬೆಳಗ್ಗೆ ಬೆಂಗಳೂರು. ರೈಲು ನಿಮ್ಮ ನಿಲ್ದಾಣಕ್ಕೆ ನಡುರಾತ್ರಿ ದಾಟಿ ಬರುವುದಾದರೆ ಟಿಕೆಟ್ಟನ್ನು ಭಾನುವಾರದ ತಾರೀಕಿಗೆ ಮಾಡಿಸಿ. ಮೆಜೆಸ್ಟಿಕ್‌ನಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಎರಡೂ ಅಲ್ಲಿಂದ ಕಾಲ್ನಡಿಗೆಯ ದೂರ. ಭಾನುವಾರ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಅವುಗಳ ಮುಂದೆಯೇ ಸೆಕೆಂಡ್ ಹ್ಯಾಂಡ್ ಸಾಮಾನು, ಅದರ ಜೊತೆ ಹಳೇ ಪುಸ್ತಕ ಹರಡಿಕೊಳ್ಳುತ್ತದೆ. ಬಿಸಿಲೇರುವ ಮುಂಚೆ ಅಲ್ಲಿರಬೇಕು. ಹತ್ತು, ಇಪ್ಪತ್ತು, ಐವತ್ತರ ನೋಟು, ಗಟ್ಟಿ ಬಟ್ಟೆ ಚೀಲ, ಒಂದು ಟಾರ್ಚ್, ಧೂಳು ಒರೆಸಲು ಬಟ್ಟೆ ಜೊತೆಗಿರಲಿ.

ಹಂತ 4: ರಾಶಿಯ ಮುಂದೆ

ಪರೀಕ್ಷಾ ಗೈಡು, ಇಂಗ್ಲಿಷ್ ಕಾದಂಬರಿಗಳೇ ಮೇಲೆ ಕಾಣುತ್ತವೆ. ಕನ್ನಡ ಪುಸ್ತಕಗಳ ಬೆನ್ನು ತೆಳುವಾದ್ದರಿಂದ ಅವು ಅಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ರಾಶಿ ಕೆದರಬೇಡಿ; ಒಂದೊಂದೇ ಎತ್ತಿ ನೋಡಿ, ಇದ್ದ ಜಾಗದಲ್ಲೇ ಇಡಿ. ಖಾಕಿ ಕಾಗದದ ರಟ್ಟು ಹಾಕಿದ್ದನ್ನು ಮಾತ್ರ ತೆರೆಯದೆ ಬಿಡಬೇಡಿ. ರಟ್ಟು ಹಾಕಿ ಓದಿದವರು ಪುಸ್ತಕವನ್ನು ಪ್ರೀತಿಯಿಂದ ಇಟ್ಟುಕೊಂಡವರು, ಒಳಗೆ ಹಾಳೆ ಚೆನ್ನಾಗಿಯೇ ಇರುತ್ತದೆ.

ಹಂತ 5: ಶೀರ್ಷಿಕೆ ಪುಟದ ಹಿಂಬದಿ

ಈ ವಿದ್ಯೆಯ ಅರ್ಧ ಈ ಒಂದು ಪುಟದಲ್ಲಿದೆ. ಮುದ್ರಣದ ವರ್ಷ, ಎಷ್ಟನೆಯ ಮುದ್ರಣ, ಪ್ರತಿಗಳೆಷ್ಟು, ಅಚ್ಚಿನ ಮನೆ ಯಾವುದು ಎಂಬುದೆಲ್ಲ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಪುಟ ಹರಿದಿದ್ದರೂ ವರ್ಷವನ್ನು ಅಂದಾಜು ಮಾಡಬಹುದು. ಬೆಲೆ ಆಣೆಯಲ್ಲಿದ್ದರೆ ಪುಸ್ತಕ 1957ಕ್ಕಿಂತ ಹಳೆಯದು, ಏಕೆಂದರೆ ಆ ವರ್ಷದ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು. ‘ನ.ಪೈ.’ ಎಂದಿದ್ದರೆ ಅದಾದ ಮೇಲಿನ ಕೆಲವು ವರ್ಷಗಳದು. 1964ರಲ್ಲಿ ‘ನಯಾ’ ಹೋಗಿ ಪೈಸೆ ಉಳಿಯಿತು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು; ಬರಿಯ ‘ಬೆಂಗಳೂರು–2’ ಎಂದಿದ್ದರೆ ಅದಕ್ಕೂ ಮುಂಚಿನದಿರುವ ಸಂಭವ ಹೆಚ್ಚು. ‘ಮೈಸೂರು ರಾಜ್ಯ’ ಎಂದು ಕಂಡರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು.

ನಮ್ಮ ಕಡೆಯವರಿಗೆ ಇನ್ನೊಂದು ಗುರುತಿದೆ. ಮೊಹರಿನಲ್ಲಿ ‘ಹರಿಹರ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಅದು ದಾವಣಗೆರೆ ಜಿಲ್ಲೆಯಾದ 1997ಕ್ಕಿಂತ ಮುಂಚೆ ಒತ್ತಿದ್ದು. ಹಾಗಂತ ಗ್ರಂಥಾಲಯದ ಮೊಹರಿರುವ ಪುಸ್ತಕಗಳನ್ನೆಲ್ಲ ಕೊಳ್ಳಬೇಡಿ. ವಜಾ ಮಾಡಿದ ಗುರುತು ಇಲ್ಲದಿದ್ದರೆ ಅದು ಇನ್ನೂ ಆ ಗ್ರಂಥಾಲಯದ ಸ್ವತ್ತೇ ಇರಬಹುದು. ಅಂಥದ್ದು ಎಷ್ಟೇ ಅಪರೂಪದ್ದಾದರೂ ಬಿಡುವುದೇ ಸರಿ.

ಹಂತ 6: ಹಾಳೆ ಎಣಿಸಿ

ಹಳೆಯ ಪುಸ್ತಕಗಳು ಹೆಚ್ಚಾಗಿ 16 ಪುಟದ ಫಾರಂಗಳಲ್ಲಿ, ಅಂದರೆ ಒಂದೇ ದೊಡ್ಡ ಹಾಳೆ ಮಡಿಸಿದ ಕಟ್ಟುಗಳಲ್ಲಿ, ಅಚ್ಚಾದವು. ಮೊಳೆ ಜೋಡಿಸಿ ಅಚ್ಚು ಮಾಡಿದ ಎಷ್ಟೋ ಪುಸ್ತಕಗಳಲ್ಲಿ 17, 33, 49ನೇ ಪುಟಗಳ ಅಡಿಯಲ್ಲಿ 2, 3, 4 ಎಂಬ ಸಣ್ಣ ಅಂಕಿ ಕಾಣುತ್ತದೆ. ಅದು ಫಾರಂ ಸಂಖ್ಯೆ. ಹೊಲಿಗೆ ಬಿಟ್ಟ ಪುಸ್ತಕದಲ್ಲಿ ಇಡೀ ಫಾರಂ ಉದುರಿಹೋಗಿರಬಹುದು, ಎರಡು ಸಲ ಸೇರಿಕೊಂಡೂ ಇರಬಹುದು. ಈ ಅಂಕಿಗಳ ಮೇಲೆ ಕಣ್ಣಾಡಿಸಿದರೆ ಅರೆ ನಿಮಿಷದಲ್ಲಿ ತಿಳಿಯುತ್ತದೆ. ಕೊನೆಯ ಪುಟ ಇದೆಯೇ ನೋಡಿ. ಟಾರ್ಚ್ ಬೆಳಕಿನಲ್ಲಿ ಬೆನ್ನಿನ ಸಂದು ನೋಡಿ: ಸೂಜಿಯಲ್ಲಿ ಚುಚ್ಚಿದಂಥ ತೂತು, ಸಣ್ಣ ಪುಡಿ ಇದ್ದರೆ ಹುಳ ಇನ್ನೂ ಒಳಗಿರಬಹುದು. ಮಡಿಸಿದ ಮೂಲೆ ಪಟ್ಟನೆ ಮುರಿದರೆ ಆ ಕಾಗದ ಇನ್ನೊಂದು ಓದು ತಾಳದು.

ಹಂತ 7: ಬೆಲೆ

ಚೌಕಾಸಿ ಮಾಡಿ, ಆದರೆ ಬೋಣಿಯ ಹೊತ್ತಲ್ಲಿ ಎಳೆದಾಡಬೇಡಿ. ನಾಲ್ಕೈದು ಪುಸ್ತಕ ಒಟ್ಟಿಗೆ ಹಿಡಿದು ‘ಯಜಮಾನ್ರೇ, ಎಲ್ಲಾ ಸೇರಿ ಎಷ್ಟು?’ ಎಂದು ಕೇಳುವುದು ಒಳ್ಳೆಯ ದಾರಿ. ಮೂರು ಆಣೆಯ ಪುಸ್ತಕ ಎಂದು ಮೂರು ಆಣೆಯ ಮಾತಾಡುವುದು ಅನ್ಯಾಯ. ಆ ಪುಸ್ತಕ ರದ್ದಿ ರುಬ್ಬುವ ಗಿರಣಿಗೆ ಹೋಗದಂತೆ ಬದಿಗಿಟ್ಟವರು ಆ ವ್ಯಾಪಾರಿಗಳೇ.

ಹಂತ 8: ಮನೆಗೆ ಬಂದ ಮೇಲೆ

ತಂದ ಪುಸ್ತಕವನ್ನು ಮನೆಯ ಕಪಾಟಿಗೆ ನೇರ ಸೇರಿಸಬೇಡಿ. ಒಣ ಬ್ರಶ್‌ನಿಂದ ಧೂಳು ತೆಗೆದು, ನೆರಳಲ್ಲಿ ಹಾಳೆ ಬಿಡಿಸಿ ಗಾಳಿಗಿಡಿ. ಬಿಸಿಲು ಕಾಗದವನ್ನು ಸುಡುತ್ತದೆ. ಹುಳದ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ತೆಗೆದ ಮೇಲೆ ಚೀಲವನ್ನು ಒಂದು ದಿನ ಬಿಚ್ಚಬೇಡಿ, ಇಲ್ಲದಿದ್ದರೆ ಹಾಳೆಯ ಮೇಲೆ ನೀರು ಕೂರುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟನ್ನು ತೆಳ್ಳಗೆ ಸವರಿ ಹಚ್ಚಿ, ಮೇಲೆ ಭಾರವಿಟ್ಟು ಒಂದು ರಾತ್ರಿ ಒಣಗಲು ಬಿಡಿ. ಹೊಲಿಗೆ ಬಿಟ್ಟಿದ್ದರೆ ಬೈಂಡಿಂಗ್‌ನವರಿಗೆ ಕೊಡುವಾಗ ಅಂಚು ಕತ್ತರಿಸಬೇಡಿ, ಹಳೇ ಮುಖಪುಟ ಒಳಗೇ ಇರಲಿ ಎಂದು ಮೊದಲೇ ಹೇಳಿಬಿಡಿ.